ಶಿಬಿರದಿಂದ ಲೋಕಸಭೆಗೆ



1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತೆಂದು ಓದಿದ್ದೀರಿ. ಆದರೆ ಬೇವೂರು, ಯಲಬುರ್ಗಾ, ಕೊಪ್ಪಳ, ಕುಷ್ಟಗಿಯ ಜನರಿಗೆ ಅಂದು ಸ್ವಾತಂತ್ರ್ಯ ದೊರೆಯಲಿಲ್ಲ. ಈ ಊರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರು ಭಾರತ ಒಕ್ಕೂಟವನ್ನು ಸೇರಲು ಒಪ್ಪಲಿಲ್ಲ. ರಜಾಕಾರರ ಹಾವಳಿ ಹೆಚ್ಚಿತು.

ಆಗ ಈ ಭಾಗದ ಯುವಕರನ್ನು ಸಂಘಟಿಸಿದವರಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಯವರು ಪ್ರಮುಖರು. ಗಡಿಯಾಚೆಯ ಮುಂಡರಗಿಯಲ್ಲಿ ಅವರ ನೇತೃತ್ವದ ಶಿಬಿರ ನಡೆಯಿತು. ಮುಂಡರಗಿಯೇ ಏಕೆ? ಅದು ಮುಂಬಯಿ ಪ್ರಾಂತದ ಊರು. ನಿಜಾಮರ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು.

ಹೋರಾಟವೇನೋ ಮುಗಿಯಿತು. ಆದರೆ ಹೋರಾಡಿದವರಿಗೆ ಅಧಿಕಾರ ತಾನಾಗಿ ಸಿಗಬೇಕೇ? ಪ್ರಜಾಪ್ರಭುತ್ವ ಹಾಗೆ ಹೇಳುವುದಿಲ್ಲ. ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಮತಪೆಟ್ಟಿಗೆ ಇರುತ್ತಿತ್ತು. ಓದು ಬಾರದ ರೈತನೂ ಚಿಹ್ನೆ ನೋಡಿ ಮತ ಹಾಕಬಹುದಿತ್ತು. ಕಾಂಗ್ರೆಸ್ ಬಲವಾಗಿದ್ದ ಆ ಕಾಲದಲ್ಲಿ ಶಿವಮೂರ್ತಿಸ್ವಾಮಿಯವರು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು.

1956ರ ನವೆಂಬರ್ 1ರಂದು ಈ ಭಾಗ ಏಕೀಕೃತ ರಾಜ್ಯಕ್ಕೆ ಸೇರಿತು. ಮರುವರ್ಷದ ಚುನಾವಣೆಯಲ್ಲಿ ಕೊಪ್ಪಳ ಕ್ಷೇತ್ರ ಕಾಂಗ್ರೆಸ್ಸಿನ ಪಾಲಾಯಿತು. 1962ರಲ್ಲಿ ಲೋಕಸೇವಕ ಸಂಘದಿಂದ ಸ್ಪರ್ಧಿಸಿದ ಸ್ವಾಮಿಯವರನ್ನು ಜನ ಮತ್ತೆ ಗೆಲ್ಲಿಸಿದರು.

ತ್ಯಾಗಕ್ಕೆ ಜನ ಗೌರವ ಕೊಡುತ್ತಾರೆ. ಆದರೆ ಅಧಿಕಾರವನ್ನು ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಕೇಳಿಯೇ ಪಡೆಯಬೇಕು. ಹದಿನೆಂಟು ತುಂಬಿ ನೀವು ಮತಗಟ್ಟೆಗೆ ಹೋಗುವ ದಿನ ಇದು ನೆನಪಿರಲಿ.