ನೀರಿನ ಯೋಜನೆಯಲ್ಲಿ ಮೀನಿಗೂ ಒಂದು ಪಾಲು

(ಇರಕಲ್ಲಗಡದ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕಿ ಶಿಕ್ಷಕಿಯೊಬ್ಬರು ಆಡಿದ ಮಾತು)



ದಿನದ ದುಡಿಮೆ ಮುಗಿಸಿ ಬಂದಿದ್ದೀರಿ. ರೊಟ್ಟಿ ಬಡಿದು, ದನಕ್ಕೆ ಮೇವು ಹಾಕಿ ಬಂದಿದ್ದೀರಿ. ದಣಿವು ಆಗಿದೆ, ನನಗೆ ಗೊತ್ತು. ಬಹಳ ಹೊತ್ತು ಕೂಡಿಸುವುದಿಲ್ಲ.

ಹೋದ ವಾರ ನಾವು ‘ಮೀ’ ಅಕ್ಷರ ಬರೆದೆವು. ಹಲಗೆಯ ಮೇಲೆ ‘ಮೀನು’ ಎಂದು ಬರೆದೆ. ಎಲ್ಲರೂ ತಿದ್ದಿದರು. ಆಗ ಹಿಂದೆ ಕುಳಿತಿದ್ದ ಆಯಿ ಒಬ್ಬರು ಒಂದು ಮಾತು ಅಂದರು. “ಅಕ್ಕೋರ, ಮೀನು ಅಂತ ಬರೆಯಾಕ ಬಂತು. ಆದ್ರ ಮೀನ ಕಾಣವಲ್ಲವು. ನಾನು ಸಣ್ಣಾಕಿ ಇದ್ದಾಗ ನಮ್ಮಪ್ಪ ಹನ್ನೆರಡು ನಮೂನಿ ಮೀನು ತರ್ತಿದ್ದ. ನನ್ನ ಮೊಮ್ಮಗಗ ಮೂರರ ಹೆಸರು ಗೊತ್ತೈತಿ.”

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನೀರಿನ ಯೋಜನೆ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮದು ಮಳೆ ನಂಬಿದ ಸೀಮೆ. ಮಳೆ ಕೈ ಕೊಟ್ಟರೆ ಸಜ್ಜೆಯೂ ಇಲ್ಲ, ಶೇಂಗಾವೂ ಇಲ್ಲ. ಗುಳೆ ಹೋಗುವುದೇ ಗತಿ. ಅಂಥ ನಾಡಿಗೆ ನೀರು ಬಂದರೆ ಯಾರಿಗೆ ಖುಷಿ ಇಲ್ಲ? ತುಂಗಭದ್ರಾ ಅಣೆಕಟ್ಟನ್ನೇ ನೋಡಿರಿ. 1945ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಆಗ ಹೊಳೆಯ ಈ ಕಡೆ ಹೈದರಾಬಾದ್ ನಿಜಾಮರ ರಾಜ್ಯ. ಆ ಕಡೆ ಮದ್ರಾಸ್ ಪ್ರಾಂತ. ಎರಡೂ ಕಡೆಯವರು ಸೇರಿ ಕಟ್ಟಿದರು. 1953ರಲ್ಲಿ ನೀರು ನಿಂತಿತು. ಗಂಗಾವತಿ ಕಡೆ ಭತ್ತ ಬೆಳೆಯಿತು. 2024ರ ಆಗಸ್ಟ್ ತಿಂಗಳಲ್ಲಿ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ನಾವೆಲ್ಲ ಎಷ್ಟು ಹೆದರಿದೆವು! ನೀರು ಹರಿದು ಹೋಗುತ್ತದೆ ಎಂದು ಕಣ್ಣೀರು ಹಾಕಿದ ರೈತರಿದ್ದಾರೆ. ನೀರು ಅಂದರೆ ನಮ್ಮ ಅನ್ನ.

ಆದರೆ ಹೊಳೆಯನ್ನು ನಂಬಿದವರು ನಾವಷ್ಟೇ ಅಲ್ಲ. ಮೀನು ನಂಬಿದೆ. ಮೀನು ಹಿಡಿಯುವ ಬೆಸ್ತರು, ಅಂಬಿಗರು ನಂಬಿದ್ದಾರೆ. ನೀರುನಾಯಿ, ಆಮೆ, ಮೊಸಳೆ, ಹಕ್ಕಿ ನಂಬಿವೆ. ಯೋಜನೆ ಮಾಡುವಾಗ ಇವರ ಲೆಕ್ಕ ಹಿಡಿಯಬೇಕು. ಕಟ್ಟಿ ಮುಗಿದ ಮೇಲೆ ಲೆಕ್ಕ ಹಿಡಿದರೆ ಉಪಯೋಗ ಕಡಿಮೆ.

ಮೀನಿಗೆ ಏನು ತೊಂದರೆ ಅಂತ ಕೇಳಬಹುದು. ‘ಅಣೆಕಟ್ಟಿನಲ್ಲಿ ಬೇಕಾದಷ್ಟು ನೀರು ಐತಲ್ಲ, ಮೀನಿಗೆ ಮತ್ತೇನು ಬೇಕು?’ ಕೇಳುವುದು ಸರಿ. ಉತ್ತರ ಹೇಳುತ್ತೇನೆ.

ಹೊಳೆಯ ಎಷ್ಟೋ ಮೀನುಗಳು ಮುಂಗಾರಿನ ಹೊಸ ನೀರು ಬಂದಾಗ ಮೇಲಕ್ಕೆ ಈಜುತ್ತವೆ. ಹಳ್ಳಗಳ ಒಳಗೆ ನುಗ್ಗುತ್ತವೆ. ತೆಳು ನೀರಿನಲ್ಲಿ, ಹರಳಿನ ಮೇಲೆ, ಹುಲ್ಲಿನ ನಡುವೆ ಮೊಟ್ಟೆ ಇಡುತ್ತವೆ. ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೋದಂತೆ ಅಂದುಕೊಳ್ಳಿ. ದಾರಿಗೆ ಅಡ್ಡ ಗೋಡೆ ಬಂದರೆ ತವರು ತಪ್ಪಿತು. ಮರಿಗಳಿಲ್ಲ. ಕೆಲವು ವರ್ಷದಲ್ಲಿ ಆ ಜಾತಿಯ ಮೀನು ಕಡಿಮೆಯಾಗುತ್ತದೆ.

ಗೋಡೆಯ ಕೆಳಗೆ ಇನ್ನೊಂದು ತೊಂದರೆ. ಬೇಸಿಗೆಯಲ್ಲಿ ಹೊಳೆಗೆ ನೀರು ಬಿಡದಿದ್ದರೆ ಮಡುವುಗಳು ಬತ್ತುತ್ತವೆ. ಒಮ್ಮೆಲೇ ಬಹಳ ಬಿಟ್ಟರೆ ಮೊಟ್ಟೆ, ಮರಿ ಕೊಚ್ಚಿ ಹೋಗುತ್ತವೆ. ನಿಂತ ನೀರಿನಲ್ಲಿ ಬಾಳುವ ಮೀನು ಬೇರೆ, ಹರಿಯುವ ನೀರಿನಲ್ಲಿ ಬಾಳುವ ಮೀನು ಬೇರೆ. ಕಾಟ್ಲಾ, ರೋಹು ಮರಿ ತಂದು ಕೆರೆಗೆ, ಜಲಾಶಯಕ್ಕೆ ಬಿಡುತ್ತಾರೆ. ಅದು ಒಳ್ಳೆಯದೇ, ಜನರಿಗೆ ಆಹಾರ ಸಿಗುತ್ತದೆ. ಆದರೆ ಅದರಿಂದ ಹೊಳೆಯ ಹಳೆಯ ಮೀನು ವಾಪಸ್ ಬರುವುದಿಲ್ಲ.

ದೂರದ ಒಂದು ಸಂಗತಿ ಕೇಳಿರಿ. ಬಂಗಾಳದಲ್ಲಿ ಹಿಲ್ಸಾ ಎಂಬ ಮೀನು ಇದೆ. ಅಲ್ಲಿಯವರಿಗೆ ಅದು ಹಬ್ಬದ ಊಟ. ಅದು ಸಮುದ್ರದ ಮೀನು. ಮೊಟ್ಟೆ ಇಡಲು ಗಂಗಾ ನದಿಯಲ್ಲಿ ಮೇಲಕ್ಕೆ ಬರುತ್ತಿತ್ತು. ಅಲಹಾಬಾದಿನವರೆಗೂ ಬರುತ್ತಿತ್ತು. 1975ರಲ್ಲಿ ಫರಕ್ಕಾ ಎಂಬಲ್ಲಿ ನದಿಗೆ ಅಡ್ಡಗಟ್ಟೆ ಚಾಲೂ ಆಯಿತು. ಮೇಲಿನ ಊರುಗಳಲ್ಲಿ ಹಿಲ್ಸಾ ಸಿಗುವುದು ತೀರಾ ಕಡಿಮೆಯಾಯಿತು. ಆ ಮೀನು ನಂಬಿದ್ದ ಬೆಸ್ತರ ಬಲೆ ಖಾಲಿಯಾಯಿತು. ಗಟ್ಟೆ ಕಟ್ಟಿದವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಮೀನಿನ ದಾರಿಯ ವಿಚಾರ ಸಾಲಲಿಲ್ಲ, ಅಷ್ಟೇ.

ಸಣ್ಣ ಒಡ್ಡುಗಳಲ್ಲಿ ಇದಕ್ಕೆ ಉಪಾಯ ಇದೆ. ಅದಕ್ಕೆ ಮೀನಿನ ಏಣಿ ಅನ್ನುತ್ತಾರೆ. ಗೋಡೆಯ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿನ ತೊಟ್ಟಿಗಳು. ಮೀನು ಒಂದೊಂದೇ ತೊಟ್ಟಿ ಜಿಗಿದು ಮೇಲೆ ಹೋಗುತ್ತದೆ. ಬಹಳ ಎತ್ತರದ ಅಣೆಕಟ್ಟಿಗೆ ಇದು ಸುಲಭವಲ್ಲ. ಅಲ್ಲಿ ಬೇರೆ ಉಪಾಯ ಬೇಕು. ಕೆಳಗಿನ ಹೊಳೆಗೆ ವರ್ಷವಿಡೀ ಸ್ವಲ್ಪ ನೀರು ಬಿಡಬೇಕು. ಮೊಟ್ಟೆ ಇಡುವ ಹಳ್ಳಗಳನ್ನು ಮುಟ್ಟದೆ ಬಿಡಬೇಕು.

ಈಗ ನಮ್ಮ ಹೊಳೆಯ ಒಳ್ಳೆಯ ಸುದ್ದಿ ಹೇಳುತ್ತೇನೆ. ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಅವು ಆನೆಗೊಂದಿ, ಕಂಪ್ಲಿ ಕಡೆಯ ಬಂಡೆಗಳ ನಡುವೆ ಗುಂಪಾಗಿ ಇರುತ್ತವೆ. ಮೀನು ತಿಂದು ಬದುಕುತ್ತವೆ. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಸಾರಿತು. ನಮ್ಮ ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ಪ್ರದೇಶ ಇದು. ನಮ್ಮ ಹೆಮ್ಮೆ.

‘ನೀರುನಾಯಿ ನಮ್ಮ ಬಲೆ ಹರಿತೈತಿ’ ಅನ್ನುವ ಬೆಸ್ತರೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಬಲೆಗೆ ಸಾಲ ಮಾಡಿದವನಿಗೆ ಅದು ದೊಡ್ಡ ನಷ್ಟ. ಅವರ ಕಷ್ಟವನ್ನೂ ಯೋಜನೆಯಲ್ಲಿ ಕೇಳಬೇಕು. ಆದರೆ ಮದ್ದು ಸಿಡಿಸಿ ಮೀನು ಹಿಡಿಯುವುದು, ದಂಡೆಯ ಮರಳು ಬಗೆಯುವುದು ಇವೆಲ್ಲ ನೀರುನಾಯಿಯನ್ನೂ ಕೊಲ್ಲುತ್ತವೆ, ಬೆಸ್ತರ ಹೊಟ್ಟೆಯ ಮೇಲೂ ಹೊಡೆಯುತ್ತವೆ. ಮೀನು ಇದ್ದರೆ ಇಬ್ಬರೂ ಉಳಿಯುತ್ತಾರೆ.

ಇನ್ನು ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ.

ನಾನು ಮೊದಲು ನೌಕರಿಗೆ ಸೇರಿದ ಊರಿನಲ್ಲಿ ಒಂದು ಕೆರೆ ಇತ್ತು. ಊರಿನ ಹೆಸರು ಬೇಡ. ಆ ಕೆರೆಯ ಹೂಳು ತೆಗೆಯುವ ಕೆಲಸ ಬಂತು. ಅದರ ಚೀಟಿಯನ್ನು ಹಲಗೆಗೆ ಅಂಟಿಸಿದ್ದರು. ನಾನು ನಿಂತು ಓದಿದೆ. ಹೂಳು ಎತ್ತುವುದು, ಒಡ್ಡು ಏರಿಸುವುದು, ಸುತ್ತಲೂ ಕಲ್ಲು ಹೊದಿಸುವುದು ಎಂದು ಬರೆದಿತ್ತು. ಒಳ್ಳೆಯ ಕೆಲಸ ಅಂದುಕೊಂಡು ಶಾಲೆಗೆ ಹೋದೆ.

ಬೇಸಿಗೆಯಲ್ಲಿ ಯಂತ್ರ ಬಂತು. ಕೆರೆಯ ನಡುವೆ ಒಂದು ಆಳವಾದ ಮಡುವು ಇತ್ತು. ಎಂಥ ಬರದಲ್ಲೂ ಅದರಲ್ಲಿ ನೀರು ಇರುತ್ತಿತ್ತು. ಮೀನು ಅಲ್ಲೇ ಸೇರಿ ಜೀವ ಹಿಡಿಯುತ್ತಿದ್ದವು. ಪಂಪು ಹಚ್ಚಿ ಆ ಮಡುವನ್ನೂ ಖಾಲಿ ಮಾಡಿದರು. ಬಾಳೆಮೀನು, ಕೊರವ, ಚೇಳುಮೀನು, ಹಾವುಮೀನು ಎಲ್ಲ ಕೆಸರಿನಲ್ಲಿ ಒದ್ದಾಡಿ ಸತ್ತವು. ಮೂರು ದಿನ ಊರೆಲ್ಲ ನಾತ. ದಂಡೆಯ ಆಪು ಹುಲ್ಲನ್ನೂ ಕೆರೆದು ತೆಗೆದರು. ಅದರಲ್ಲಿ ಗೂಡು ಕಟ್ಟುತ್ತಿದ್ದ ನೀರುಕೋಳಿ ಮತ್ತೆ ಬರಲಿಲ್ಲ. ಕಲ್ಲು ಹೊದಿಸುವಾಗ ದನ ಇಳಿಯಲು ದಾರಿ ಬಿಡಲಿಲ್ಲ. ಒಂದು ಎಮ್ಮೆ ಜಾರಿ ಬಿದ್ದು ಕಾಲು ಮುರಿದುಕೊಂಡಿತು. ಅದು ಒಬ್ಬ ಬಡ ಹೆಣ್ಣುಮಗಳ ಎಮ್ಮೆ.

ಮುಂದಿನ ಮಳೆಗೆ ಕೆರೆ ತುಂಬಿತು. ನೀರು ಮೊದಲಿಗಿಂತ ಹೆಚ್ಚೇ ನಿಂತಿತು. ಆದರೆ ಮೀನು ಇರಲಿಲ್ಲ. ಸೊಳ್ಳೆಯ ಮರಿ ತಿನ್ನುವವರೂ ಇರಲಿಲ್ಲ.

ಮಡುವು ಒಂದನ್ನು ಬಿಟ್ಟಿದ್ದರೆ ಖರ್ಚು ಹೆಚ್ಚುತ್ತಿರಲಿಲ್ಲ. ದನಕ್ಕೆ ಒಂದು ಇಳಿಜಾರು ಬಿಟ್ಟಿದ್ದರೆ ಕಲ್ಲು ಉಳಿಯುತ್ತಿತ್ತು. ಯಾರೂ ಹೇಳಲಿಲ್ಲ. ಮೀನಿನ ಬಗ್ಗೆ ಬಲ್ಲವರಿಗೆ ಓದು ಬರುತ್ತಿರಲಿಲ್ಲ. ಓದು ಬಲ್ಲ ನಾನು ಓದಿ ಸುಮ್ಮನಾದೆ. ನಾನು ಆ ಚೀಟಿಯನ್ನು ನಾಲ್ಕು ಜನರ ಮುಂದೆ ದೊಡ್ಡದಾಗಿ ಓದಬೇಕಿತ್ತು.

ಕಾಲುವೆಯ ಸಂಗತಿಯೂ ಹೀಗೇ. ಸಿಮೆಂಟಿನ ಕಡಿದಾದ ಗೋಡೆ ಇದ್ದರೆ, ನೀರು ಕುಡಿಯಲು ಇಳಿದ ಪ್ರಾಣಿ ಮೇಲೆ ಹತ್ತಲಾರದು. ನಮ್ಮ ಕಡೆ ಬೆಟ್ಟಗಳಲ್ಲಿ ಕರಡಿ ಇವೆ. ಕುರುಚಲು ಕಾಡಿನಲ್ಲಿ ತೋಳ, ನರಿ ಇವೆ. ಅವು ಓಡಾಡುವ ದಾರಿಗೆ ಅಡ್ಡ ಕಾಲುವೆ ಬಂದರೆ ಅಲ್ಲಲ್ಲಿ ಅಗಲವಾದ ಸೇತುವೆ ಬೇಕು. ಹತ್ತಿ ಬರಲು ಒರಟು ಇಳಿಜಾರು ಬೇಕು. ದಾರಿ ತಪ್ಪಿದ ಕರಡಿ ಹೊಲಕ್ಕೆ, ಊರಿಗೆ ನುಗ್ಗುತ್ತದೆ. ಪೆಟ್ಟು ಬೀಳುವುದು ನಮಗೇ.

ಹಾಗಾದರೆ ನೀರಿನ ಕೆಲಸ ಮಾಡಿದರೆ ಪ್ರಾಣಿಗೆ ಯಾವಾಗಲೂ ಕೇಡೇ? ಇಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಅಂಕಸಮುದ್ರ ಎಂಬ ಊರಿದೆ. ಅಲ್ಲಿಯ ಕೆರೆ ದೇವರು ಮಾಡಿದ್ದಲ್ಲ, ಜನ ಕಟ್ಟಿದ್ದು. ನೀರಾವರಿಗಾಗಿ ಹಿಂದಿನವರು ಕಟ್ಟಿದ್ದು. ಕೆರೆಯ ಒಳಗೆ ಜಾಲಿ ಮರಗಳಿವೆ. ಅವುಗಳ ಮೇಲೆ ಸಾವಿರಾರು ಹಕ್ಕಿ ಗೂಡು ಕಟ್ಟುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆ ಸಿಕ್ಕಿತು. ಅಂದರೆ ಜಗತ್ತಿನ ಮಹತ್ವದ ನೀರುತಾಣಗಳ ಪಟ್ಟಿಯಲ್ಲಿ ಆ ಊರ ಕೆರೆಯ ಹೆಸರು ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಆಗಲೇ ಸಿಕ್ಕಿತು. ಮನುಷ್ಯ ಕಟ್ಟಿದ ಕೆರೆಯಲ್ಲಿ ಮನುಷ್ಯನೂ, ಹಕ್ಕಿಯೂ ಕೂಡಿ ಬಾಳಬಹುದು. ನಮ್ಮ ಕೊಪ್ಪಳದಲ್ಲೇ 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತರು, ಜನ ಕೈ ಜೋಡಿಸಿದರು, ಹಿರೇಹಳ್ಳ ಸ್ವಚ್ಛವಾಯಿತು. ಜನ ಸೇರಿದರೆ ಹಳ್ಳದ ಹಣೆಬರಹ ಬದಲಾಗುತ್ತದೆ.

ಈಗ ಮುಂದಿನ ಮಾತು. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದೆ. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಈಗ ಸುಮಾರು 105 ಟಿ.ಎಂ.ಸಿ. ಹಿಡಿಯುತ್ತದೆ. ಕಳೆದುಹೋದ ನೀರನ್ನು ಹಿಡಿಯಲು ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪ ಬಂದಿದೆ. ಹಲವು ವರ್ಷದಿಂದ ಅದರ ಮಾತು ನಡೆದಿದೆ. ಕೆರೆ ತುಂಬಿಸುವ ಯೋಜನೆ, ಏತ ನೀರಾವರಿ ಯೋಜನೆಗಳೂ ಬರುತ್ತಿರುತ್ತವೆ. ಇಂಥ ಯೋಜನೆ ನಮ್ಮ ಊರ ಹತ್ತಿರ ಬಂದಾಗ ನಾವು ಏನು ಕೇಳಬೇಕು? ಇವನ್ನು ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿರಿ.

1. ಬೇಸಿಗೆಯಲ್ಲಿ ಹೊಳೆಗೆ, ಹಳ್ಳಕ್ಕೆ ಎಷ್ಟು ನೀರು ಬಿಡುತ್ತೀರಿ?

2. ಮೀನು ಮೊಟ್ಟೆ ಇಡುವ ಜಾಗ ಎಲ್ಲಿದೆ? ಬೆಸ್ತರನ್ನು ಕೇಳಿ ಗುರುತು ಮಾಡಿದ್ದೀರಾ?

3. ನೀರು ಎತ್ತುವ ಪಂಪಿನ ಬಾಯಿಗೆ ಜಾಲರಿ ಹಾಕುತ್ತೀರಾ? ಇಲ್ಲದಿದ್ದರೆ ಮೀನಿನ ಮರಿ ಒಳಗೆ ಎಳೆದುಕೊಂಡು ಸಾಯುತ್ತವೆ.

4. ಕಾಲುವೆ ದಾಟಲು ಪ್ರಾಣಿಗೆ, ದನಕ್ಕೆ ದಾರಿ ಎಲ್ಲಿ?

5. ಪ್ರಾಣಿ, ಪಕ್ಷಿ, ಮೀನಿನ ಎಣಿಕೆ ಯಾವ ಕಾಲದಲ್ಲಿ ಮಾಡಿದಿರಿ? ಬೇಸಿಗೆಯಲ್ಲಿ ಬತ್ತಿದ ಹಳ್ಳ ನೋಡಿ ‘ಇಲ್ಲಿ ಮೀನಿಲ್ಲ’ ಎಂದು ಬರೆದರೆ ಸರಿಯಲ್ಲ. ಮಳೆಗಾಲದಲ್ಲೂ ಬರಬೇಕು.

6. ಮೀನು ನಂಬಿದವರ, ಮುಳುಗಡೆಯವರ ಬದುಕಿಗೆ ಏನು ವ್ಯವಸ್ಥೆ?

‘ನಮ್ಮ ಮಾತು ಯಾರು ಕೇಳ್ತಾರ?’ ಅನ್ನಬೇಡಿರಿ. ಕಾಯಿದೆಯಲ್ಲಿ ದಾರಿ ಇದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ನೀರಿನ ಯೋಜನೆಗೆ ಮೊದಲು ಪರಿಸರದ ಅಧ್ಯಯನ ಆಗಬೇಕು. ಜನರ ಅಹವಾಲು ಸಭೆ ನಡೆಯಬೇಕು. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ನಮ್ಮ ಭಾಷೆಯಲ್ಲೇ ಸಿಗಬೇಕು. ಅಲ್ಲಿ ಬಾಯಿಂದ ಹೇಳಬಹುದು. ಬರೆದೂ ಕೊಡಬಹುದು. ಸಣ್ಣ ಕೆರೆ ಕೆಲಸವಾದರೆ ಗ್ರಾಮಸಭೆ ಇದೆ. ಅಲ್ಲಿ ಕೇಳಿರಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ. ಬರೆದದ್ದನ್ನು ಓದಿ ನೋಡಿ, ಆಮೇಲೆ ಸಹಿ ಹಾಕಿರಿ.

ಇನ್ನೊಂದು ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಮೀನುಗಳ ದಾಖಲೆ ಪುಸ್ತಕ ಇಡಬೇಕು. ನಮ್ಮ ಸಂವಿಧಾನದ 51ಎ ವಿಧಿಯೂ ಹೇಳುತ್ತದೆ: ಕಾಡು, ಕೆರೆ, ನದಿ, ವನ್ಯಜೀವಿ ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯ.

ಕೊನೆಗೆ ಒಬ್ಬ ಅಣ್ಣನವರು ಕೇಳಿದ ಪ್ರಶ್ನೆಗೆ ಉತ್ತರ. “ಮನುಷ್ಯಾಗ ಕುಡಿಯಾಕ ನೀರಿಲ್ಲ, ಮೀನಿನ ಚಿಂತಿ ಯಾಕ್ರೀ ಅಕ್ಕೋರ?” ಅಣ್ಣಾ, ಮನುಷ್ಯನ ನೀರು ಕಿತ್ತು ಮೀನಿಗೆ ಕೊಡಿರಿ ಎಂದು ನಾನು ಹೇಳಿಲ್ಲ. ಒಂದು ಮಡುವು, ಒಂದು ಜಾಲರಿ, ಒಂದು ಇಳಿಜಾರು, ಬೇಸಿಗೆಯ ಹೊಳೆಗೆ ಸ್ವಲ್ಪ ನೀರು, ಇಷ್ಟೇ ಕೇಳುತ್ತೇನೆ. ಹೊಳೆಗೆ ಬಿಟ್ಟ ಆ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ, ಅವರ ದನ ಕುಡಿಯುತ್ತವೆ. ಮೀನು ಸಾಯುವ ನೀರು ನಮಗೂ ಒಳ್ಳೆಯದಲ್ಲ.

ನಾಳೆಯ ಪಾಠ ಇದು. ಆ ಆಯಿ ನಮ್ಮ ಮುಂದೆ ಕೂಡುತ್ತಾರೆ. ಅವರ ಅಪ್ಪ ತರುತ್ತಿದ್ದ ಹನ್ನೆರಡು ಮೀನಿನ ಹೆಸರು ಹೇಳುತ್ತಾರೆ. ನೀವೆಲ್ಲ ಬರೆಯುತ್ತೀರಿ. ಯಾವುದು ಯಾವ ಹಳ್ಳದಲ್ಲಿ ಇತ್ತು, ಯಾವ ತಿಂಗಳಲ್ಲಿ ಸಿಗುತ್ತಿತ್ತು, ಈಗ ಇದೆಯೋ ಇಲ್ಲವೋ, ಅದನ್ನೂ ಬರೆಯಿರಿ. ಆ ಹಾಳೆಯನ್ನು ಪಂಚಾಯಿತಿಗೆ ಕೊಡೋಣ. ದಾಖಲೆ ಪುಸ್ತಕದಲ್ಲಿ ಸೇರಿಸಿರಿ ಎಂದು ಕೇಳೋಣ. ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳೋಣ.

ಪಾಟಿ, ಬಳಪ ಮರೆಯದೆ ತನ್ನಿರಿ.