ಮರದ ಗೋಡೆಯಲ್ಲಿ ಬಾಗಿಲು ಕಿಟಕಿಗಳ ಎಡೆ



ಗೋಡೆಯೆಂದೊಡನೆ ನಮ್ಮ ನಾಡಿನವರ ಕಣ್ಣಿಗೆ ಕಟ್ಟುವುದು ಕಲ್ಲು, ಇಟ್ಟಿಗೆ, ಇಲ್ಲವೆ ಮಣ್ಣು. ಬಾಗಿಲವಾಡವನ್ನು ಮೊದಲೇ ನಿಲ್ಲಿಸಿ, ಹೊಸಿಲಿಗೆ ಅರಿಸಿನ ಕುಂಕುಮವಿಟ್ಟು ಪೂಜೆಮಾಡಿ, ಅದರ ಇಕ್ಕೆಲದಲ್ಲಿಯೂ ವರಿಸೆ ವರಿಸೆಯಾಗಿ ಇಟ್ಟಿಗೆಯನ್ನು ಏರಿಸಿಕೊಂಡು ಹೋಗುವುದು ನಮ್ಮಲ್ಲಿ ಬಹು ಕಾಲದಿಂದ ನಡೆದುಬಂದ ಪದ್ಧತಿ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಕೆನಡಾ ದೇಶದಲ್ಲಿಯೂ ಜನರು ವಾಸಿಸುವ ಒಂಟಿ ಮನೆಗಳಲ್ಲಿ ಬಹುಪಾಲು ಸಣ್ಣ ಮರದ ಕಂಬಗಳಿಂದ ಕಟ್ಟಿದವು. ನಮ್ಮವರೇ ಆದ ಸಾವಿರಾರು ಕನ್ನಡ ಕುಟುಂಬಗಳು ಇಂದು ಅಂತಹ ಮನೆಗಳಲ್ಲಿ ಸಂಸಾರ ಹೂಡಿವೆ. ಅಂತಹ ಗೋಡೆಯಲ್ಲಿ ಬಾಗಿಲಿಗೂ ಕಿಟಕಿಗೂ ಎಡೆ ಬಿಡುವುದು ಹೇಗೆ, ಬಿಟ್ಟ ಎಡೆಯಿಂದ ಗೋಡೆ ಸೋಲದಂತೆ ಕಾಪಾಡುವುದು ಹೇಗೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಗೋಡೆಯ ರಚನೆ ಸರಳವಾದದ್ದು. ನೆಲದ ಮೇಲೆ ಉದ್ದಕ್ಕೆ ಒಂದು ಮರದ ಪಟ್ಟಿಯನ್ನು ಹಾಸುವರು; ಇದು ಅಡಿಪಟ್ಟಿ. ಅದರ ಮೇಲೆ ನಡುವಿನಿಂದ ನಡುವಿಗೆ ೧೬ ಅಂಗುಲಕ್ಕೊಂದರಂತೆ ನಿಲುಗಂಬಗಳನ್ನು ನಿಲ್ಲಿಸುವರು. ಇವನ್ನೇ ಅಲ್ಲಿಯವರು ಸ್ಟಡ್ ಎಂದು ಕರೆಯುವುದು. ಕಂಬಗಳ ತಲೆಯ ಮೇಲೆ ಎರಡು ಪದರದ ಮೇಲ್ಪಟ್ಟಿ. ಹೊರಮೈಗೆ ಪ್ಲೈವುಡ್ಡಿನಂತಹ ಹಲಗೆ, ಒಳಮೈಗೆ ಜಿಪ್ಸಮ್ ಹಲಗೆ, ನಡುವಣ ಪೊಳ್ಳಿನಲ್ಲಿ ಚಳಿಯನ್ನು ತಡೆಯುವ ಗಾಜಿನ ಎಳೆಯ ಹಾಸು. ಹಲಗೆಯ ಅಗಲ ೪ ಅಡಿ, ಎಂದರೆ ೪೮ ಅಂಗುಲ. ಅದರಲ್ಲಿ ೧೬ ಮೂರಾವರ್ತಿ ಅಡಗುವುದರಿಂದ ಹಲಗೆಯ ಅಂಚು ಯಾವಾಗಲೂ ಒಂದು ಕಂಬದ ಮೇಲೆಯೇ ಬಂದು ಕೂಡುತ್ತದೆ. ಈ ೧೬ರ ತಾಳವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಬರುತ್ತದೆ. ಇನ್ನೊಂದು ವಿನೋದವನ್ನೂ ಇಲ್ಲಿಯೇ ಹೇಳಿಬಿಡಬಹುದು. ಈ ಕಂಬದ ಹೆಸರು ‘ಎರಡು ನಾಲ್ಕು’. ಆದರೆ ಅಳೆದು ನೋಡಿದರೆ ಅದು ಒಂದೂವರೆ ಅಂಗುಲ ದಪ್ಪ, ಮೂರೂವರೆ ಅಂಗುಲ ಅಗಲ ಮಾತ್ರ. ಒಣಗಿ ಕುಗ್ಗಿ, ಹತ್ತರಿ ಹಿಡಿದು ನುಣುಪಾದ ಮೇಲೆ ಉಳಿದದ್ದು ಅಷ್ಟೆ. ಹೆಸರನ್ನು ನಂಬಿ ಲೆಕ್ಕ ಹಾಕಿದ ಬಡಗಿಯ ಬಾಗಿಲು ಎಡೆಯಲ್ಲಿ ಕೂಡುವುದಿಲ್ಲ.

ಈ ಕಟ್ಟಡದ ಕ್ರಮ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಚಿಕಾಗೋ ನಗರದಲ್ಲಿ ೧೮೩೨-೩೩ರ ವೇಳೆಗೆ ಮೊದಲಾಯಿತೆಂದು ರೂಢಿಯಲ್ಲಿ ಹೇಳುತ್ತಾರೆ. ಯಾರು ಮೊದಲಿಗರೆಂಬ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ಅದಕ್ಕೆ ಹಿಂದೆ ಮರದ ಮನೆಯೆಂದರೆ ಭಾರಿ ತೊಲೆಗಳನ್ನು ಗೂಟ ಕುಳಿಗಳಿಂದ ಜೋಡಿಸುವ ನುರಿತ ಬಡಗಿಯ ಕೆಲಸವಾಗಿತ್ತು. ಯಂತ್ರದಲ್ಲಿ ಕೊಯ್ದ ಸಣ್ಣ ಮರವೂ ಯಂತ್ರದಲ್ಲಿ ಮಾಡಿದ ಅಗ್ಗದ ಮೊಳೆಯೂ ದೊರೆತ ಮೇಲೆ, ಸುತ್ತಿಗೆ ಗರಗಸಗಳನ್ನು ಹಿಡಿಯಬಲ್ಲ ಯಾರಾದರೂ ಮನೆ ಕಟ್ಟುವಂತಾಯಿತು. ಈ ಹಗುರವನ್ನು ಕಂಡೇ ಇದಕ್ಕೆ ಬಲೂನ್ ಚೌಕಟ್ಟು ಎಂಬ ಹೆಸರು ಬಂತಂತೆ. ಆ ಬಗೆಯಲ್ಲಿ ಕಂಬಗಳು ಅಡಿಯಿಂದ ಸೂರಿನವರೆಗೆ ಒಂದೇ ಉದ್ದ. ನಡುವಣ ಪೊಳ್ಳು ಹೊಗೆಗೊಳವೆಯಂತೆ ಬೆಂಕಿಯನ್ನು ಮೇಲಕ್ಕೆ ಒಯ್ಯುತ್ತಿತ್ತು. ತರುವಾಯ ಬಂದ ಕ್ರಮದಲ್ಲಿ ಪ್ರತಿ ಅಂತಸ್ತನ್ನೂ ಬೇರೆಯಾಗಿ, ಒಂದು ಜಗಲಿಯ ಮೇಲೆ ಇನ್ನೊಂದು ಜಗಲಿಯಂತೆ ಕಟ್ಟುವರು. ಈಗ ನಡೆಯುತ್ತಿರುವುದು ಇದೇ.

ಪ್ರಕೃತಕ್ಕೆ ಬರೋಣ. ಇಟ್ಟಿಗೆಯ ಗೋಡೆಯಲ್ಲಿ ಕಿಟಕಿಯನ್ನು ತೆರೆದಾಗ, ಮೇಲಣ ಇಟ್ಟಿಗೆಗಳು ಒಂದನ್ನೊಂದು ಕಚ್ಚಿಕೊಂಡು, ಕಾಣದ ಕಮಾನಿನಂತೆ ಭಾರವನ್ನು ಎರಡು ಪಕ್ಕಕ್ಕೂ ತಳ್ಳುತ್ತವೆ. ಬಾಗಿಲಿನ ಮೇಲಣ ಕಲ್ಲು ಹೊರುವುದು ಬಹುಮಟ್ಟಿಗೆ ತನ್ನ ನೆತ್ತಿಯ ಮೇಲಣ ತ್ರಿಕೋಣದಷ್ಟು ಗೋಡೆಯನ್ನು. ಕಂಬದ ಗೋಡೆಗೆ ಈ ಸಹಾಯವಿಲ್ಲ. ಮೇಲಂತಸ್ತಿನ ತೊಲೆಗಳೂ ಮಾಡಿನ ಭಾರವೂ ಮೇಲ್ಪಟ್ಟಿಯ ಮೂಲಕ ನೇರವಾಗಿ ಕಂಬಗಳ ತಲೆಯ ಮೇಲೆ ಬಂದು ಕೂಡುತ್ತವೆ. ಬಾಗಿಲಿಗಾಗಿ ಎರಡು ಮೂರು ಕಂಬಗಳನ್ನು ತೆಗೆದೆವೆಂದರೆ ಅಷ್ಟು ಹೆಗಲುಗಳನ್ನು ಪಲ್ಲಕ್ಕಿಯ ಅಡಿಯಿಂದ ಎಳೆದುಕೊಂಡಂತಾಯಿತು. ಆ ಹೊರೆಯನ್ನು ಬೇರೆ ಹೆಗಲುಗಳಿಗೆ ದಾಟಿಸದೆ ವಿಧಿಯಿಲ್ಲ.

ದಾಟಿಸುವುದು ಹೆಡರ್ ಎಂಬ ಮೇಲ್ತೊಲೆ. ಅದು ಎಡೆಯ ನೆತ್ತಿಯ ಮೇಲೆ ಅಡ್ಡಲಾಗಿ ಮಲಗಿ, ಮೇಲಿನಿಂದ ಬಂದ ಭಾರವನ್ನು ಎಡಬಲಕ್ಕೆ ಹಂಚುತ್ತದೆ. ಅದರ ಎರಡು ತುದಿಗಳಿಗೂ ಅಡಿಯಲ್ಲಿ ಆನಿಕೆಯಾಗಿ ನಿಲ್ಲುವ ಗಿಡ್ಡ ಕಂಬಕ್ಕೆ ಜ್ಯಾಕ್ ಸ್ಟಡ್ ಅಥವಾ ಟ್ರಿಮ್ಮರ್ ಎಂದು ಹೆಸರು. ಜ್ಯಾಕಿನ ಹೊರಮಗ್ಗುಲಿಗೆ, ಅಡಿಪಟ್ಟಿಯಿಂದ ಮೇಲ್ಪಟ್ಟಿಯವರೆಗೆ ಪೂರ್ಣ ಎತ್ತರಕ್ಕೆ ನಿಲ್ಲುವುದು ಕಿಂಗ್ ಸ್ಟಡ್, ಅರಸುಗಂಬ. ಹೆಡರಿನ ಮೇಲೆ ಜಾಗ ಉಳಿದರೆ ಅಲ್ಲಿಯೂ, ಕಿಟಕಿಯಾದರೆ ಅದರ ಅಡಿಯಲ್ಲಿಯೂ ತುಂಡು ಕಂಬಗಳು. ಇವನ್ನು ಕ್ರಿಪ್ಪಲ್, ಎಂದರೆ ಕುಂಟ, ಎಂದು ಬಡಗಿಗಳು ಹಾಸ್ಯವಾಗಿ ಕರೆದ ಹೆಸರೇ ನಿಂತಿದೆ. ಗಮನಿಸತಕ್ಕ ಸಂಗತಿಯೆಂದರೆ, ಇಲ್ಲಿ ಅರಸನೆನ್ನಿಸಿಕೊಂಡವನು ಹೆಡರಿನ ಭಾರವನ್ನು ಹೊರುವುದಿಲ್ಲ. ಹೊರುವವನು ಪಕ್ಕದ ಆಳು. ಹಾಗೆಂದು ಅರಸು ನಿಷ್ಪ್ರಯೋಜಕನೂ ಅಲ್ಲ. ಹೆಡರು ಮಗುಚದಂತೆ ಅದರ ತುದಿಗೆ ಮೊಳೆ ಹೊಡೆಸಿಕೊಂಡು ಹಿಡಿದಿರುವವನೂ, ಬಾಗಿಲಿನ ಮೈಮೇಲೆ ಬೀಸಿದ ಗಾಳಿಯ ಒತ್ತಡವನ್ನು ತಡೆಯುವವನೂ ಅವನೇ.

ಹೆಡರಿನ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಎರಡು ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಅರ್ಧ ಅಂಗುಲದ ಪ್ಲೈವುಡ್ಡನ್ನು ಇಟ್ಟು ಮೊಳೆ ಹೊಡೆದರೆ ಒಟ್ಟು ಮೂರೂವರೆ ಅಂಗುಲವಾಗಿ ಕಂಬದ ಅಗಲಕ್ಕೆ ಸರಿಹೋಗುತ್ತದೆ. ಅಂಚಿನ ಮೇಲೆಯೇ ಏಕೆ ನಿಲ್ಲಿಸಬೇಕು? ಹಲಗೆಯ ಆಳ ಎರಡರಷ್ಟಾದರೆ ಮುರಿಯದೆ ತಾಳುವ ಶಕ್ತಿ ನಾಲ್ಕರಷ್ಟೂ, ಬಾಗದೆ ನಿಲ್ಲುವ ಬಿಗಿ ಎಂಟರಷ್ಟೂ ಆಗುತ್ತವೆ. ದಪ್ಪ ಎರಡರಷ್ಟಾದರೆ ಎರಡೂ ಬರಿಯ ಎರಡರಷ್ಟೆ. ಇತ್ತ ಎಡೆಯ ಅಗಲದ ಲೆಕ್ಕ ಇನ್ನೂ ಕಠಿನ. ಸಮನಾಗಿ ಹರಡಿದ ಭಾರದ ಅಡಿಯಲ್ಲಿ ೩ ಅಡಿಯ ಎಡೆಯನ್ನು ೬ ಅಡಿಗೆ ಹಿಗ್ಗಿಸಿದರೆ ತೊಲೆಯನ್ನು ಮುರಿಯಲೆಳಸುವ ಬಲ ನಾಲ್ಕರಷ್ಟು, ಬಾಗು ಹದಿನಾರರಷ್ಟು. ಆದಕಾರಣ ಎಡೆ ಅಗಲವಾದಂತೆ ಹೆಡರನ್ನು ಆಳವಾಗಿಸುವುದಲ್ಲದೆ, ಜ್ಯಾಕುಗಳನ್ನೂ ಪಕ್ಕಕ್ಕೆ ಎರಡೆರಡು ನಿಲ್ಲಿಸಬೇಕಾಗುತ್ತದೆ. ಅಳತೆಗಳನ್ನು ಊಹೆಗೆ ಬಿಡದೆ, ಮಾಡಿನ ಹಿಮದ ಭಾರ, ಮೇಲಣ ಅಂತಸ್ತುಗಳ ಸಂಖ್ಯೆ, ಮನೆಯ ಅಗಲ ಇವುಗಳಿಗೆ ತಕ್ಕಂತೆ ಅಲ್ಲಿಯ ಕಟ್ಟಡ ನಿಯಮಗಳಲ್ಲಿ ಕೋಷ್ಟಕಗಳನ್ನೇ ಕೊಟ್ಟಿದ್ದಾರೆ. ಹೆಡರು ಸ್ವಲ್ಪ ಬಾಗಿದರೂ ಸಾಕು, ಬಾಗಿಲು ಉಜ್ಜುತ್ತದೆ, ಗಾಜು ಸೀಳುತ್ತದೆ.

ಒಂದು ಬಾಗಿಲಿನ ಲೆಕ್ಕವನ್ನೇ ನೋಡೋಣ. ಬಾಗಿಲಿನ ಹಲಗೆ ೩೬ ಅಂಗುಲ ಅಗಲ, ೮೦ ಅಂಗುಲ ಎತ್ತರ ಎನ್ನಿ. ವಾಡಕ್ಕೂ, ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಲು ಹೊಡೆಯುವ ಬೆಣೆಗಳಿಗೂ ಜಾಗ ಬೇಕಷ್ಟೆ. ಆದ್ದರಿಂದ ಎಡೆ ೩೮ ಅಂಗುಲ ಅಗಲ, ಎಂಬತ್ತೆರಡೂವರೆ ಅಂಗುಲ ಎತ್ತರ. ಎರಡು ಕಡೆಯ ಜ್ಯಾಕುಗಳ ದಪ್ಪ ಸೇರಿ ೩ ಅಂಗುಲ. ಹೆಡರಿನ ಉದ್ದ ೪೧. ಜ್ಯಾಕು ಅಡಿಪಟ್ಟಿಯ ಮೇಲೆ ನಿಲ್ಲುವುದರಿಂದ ಪಟ್ಟಿಯ ಒಂದೂವರೆ ಅಂಗುಲವನ್ನು ಕಳೆದು ಅದರ ಎತ್ತರ ೮೧. ಗೋಡೆಯನ್ನು ನೆಲದ ಮೇಲೆ ಮಲಗಿಸಿಯೇ ಜೋಡಿಸುವರು. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ಸಮವಾದರೆ ಚೌಕ ಸರಿಯಾಯಿತೆಂದು ಎತ್ತಿ ನಿಲ್ಲಿಸುವರು. ಯಜ್ಞವೇದಿಯನ್ನು ಹಗ್ಗ ಹಿಡಿದು ಅಳೆದ ಶುಲ್ಬಸೂತ್ರಕಾರರಿಗೆ ಕರ್ಣದ ಈ ಮರ್ಮ ಹೊಸದೇನೂ ಅಲ್ಲ. ಬಾಗಿಲಿನ ಎಡೆಯಲ್ಲಿ ಅಡ್ಡವಾಗಿ ಉಳಿದ ಅಡಿಪಟ್ಟಿಯನ್ನು ಗೋಡೆ ನಿಂತ ಮೇಲೆ ಕೊಯ್ಯಬೇಕು; ಮೊದಲೇ ಕೊಯ್ದರೆ ಎತ್ತುವಾಗ ಎಡೆಯ ಕಾಲುಗಳು ಅತ್ತಿತ್ತ ಸರಿಯುತ್ತವೆ.

ಬಹಳ ಮಂದಿ ಬಡಗಿಗಳು ಎಲ್ಲ ಎಡೆಗಳ ಮೇಲೆಯೂ ಒಂದೇ ಆಳದ, ಹನ್ನೊಂದಕ್ಕೂ ಮಿಕ್ಕ ಅಂಗುಲದ ಭಾರಿ ಹೆಡರನ್ನು ಹಾಕಿಬಿಡುವುದುಂಟು. ೮ ಅಡಿಯ ಗೋಡೆಯಲ್ಲಿ ಅದು ಬಾಗಿಲಿನ ನೆತ್ತಿಗೂ ಮೇಲ್ಪಟ್ಟಿಗೂ ನಡುವೆ ಹೆಚ್ಚು ಕಡಮೆ ಸರಿಯಾಗಿ ಕೂಡುತ್ತದೆ, ಲೆಕ್ಕದ ತೊಂದರೆಯಿಲ್ಲ. ಇದು ನಮಗೆ ಒಪ್ಪಿಗೆಯಾಗುವುದಿಲ್ಲ. ಮರ ವ್ಯರ್ಥ; ಅದಲ್ಲದೆ ಗಟ್ಟಿಮರವಿದ್ದ ಕಡೆ ಚಳಿಯನ್ನು ತಡೆಯುವ ಹಾಸು ಇರಲಾರದಾದ್ದರಿಂದ ಮನೆಯ ಕಾವು ಆ ದಾರಿಯಿಂದ ಸೋರಿಹೋಗುತ್ತದೆ. ಭಾರ ಹೊರದ ಒಳಗೋಡೆಯಲ್ಲಂತೂ ೮ ಅಡಿಯೊಳಗಿನ ಎಡೆಗೆ, ಮೇಲಣ ಎತ್ತರ ೨ ಅಡಿಯನ್ನು ಮೀರದಿದ್ದರೆ, ಮಗ್ಗುಲಾಗಿ ಮಲಗಿಸಿದ ಒಂದೇ ‘ಎರಡು ನಾಲ್ಕು’ ಸಾಕೆಂದು ಅಲ್ಲಿಯ ನಿಯಮವೇ ಹೇಳುತ್ತದೆ.

ಕಿಟಕಿಗೆ ಇದೇ ಕ್ರಮ. ಅಡಿಯಲ್ಲೊಂದು ಸಿಲ್ ಪಟ್ಟಿ, ಅದರ ಕೆಳಗೆ ಕುಂಟುಗಂಬಗಳು ಹೆಚ್ಚು. ಈ ಕುಂಟರನ್ನು ತೋಚಿದ ಕಡೆ ನಿಲ್ಲಿಸಬಾರದು. ಹಿಂದೆ ಹೇಳಿದ ೧೬ರ ತಾಳ ತಪ್ಪಿದರೆ ಹಲಗೆಯ ಅಂಚಿಗೆ ಮೊಳೆ ಹೊಡೆಯಲು ಮರವೇ ಸಿಕ್ಕುವುದಿಲ್ಲ. ಒಳಗಣ ಜಿಪ್ಸಮ್ ಹಲಗೆಯ ಸಂದು ಕಿಟಕಿಯ ಮೂಲೆಯ ನೇರಕ್ಕೆ ಬಾರದಂತೆಯೂ ನೋಡಿಕೊಳ್ಳಬೇಕು. ಬಂದರೆ ಬಿರುಕು ಅಲ್ಲಿಯೇ ಮೊದಲು. ಇನ್ನು ಮಲಗುವ ಕೋಣೆಯ ಕಿಟಕಿ ಗಾಳಿ ಬೆಳಕಿಗೆ ಮಾತ್ರವಲ್ಲ. ಬೆಂಕಿ ಬಿದ್ದಾಗ ಒಳಗಿದ್ದವರು ಹೊರಬೀಳುವಂತೆ ಅದರ ತೆರಪು ೨೪ ಅಂಗುಲ ಎತ್ತರಕ್ಕೂ ೨೦ ಅಂಗುಲ ಅಗಲಕ್ಕೂ ಕಡಮೆಯಾಗಬಾರದು, ತೆರಪಿನ ಅಡಿ ನೆಲದಿಂದ ೪೪ ಅಂಗುಲಕ್ಕಿಂತ ಮೇಲಿರಬಾರದು ಎಂದು ವಿಧಿಸಿದ್ದಾರೆ. ಎರಡು ಅಳತೆಗಳೂ ಕನಿಷ್ಠವಾಗಿದ್ದರೆ ಸಾಲದು, ಒಟ್ಟು ವಿಸ್ತೀರ್ಣಕ್ಕೂ ಬೇರೆ ಮಿತಿಯುಂಟು.

ಮರದ ಗೋಡೆಗೆ ಭಾರಕ್ಕಿಂತ ದೊಡ್ಡ ಶತ್ರು ನೀರು. ಅದು ನುಗ್ಗುವ ದಾರಿ ಕಿಟಕಿಯ ಅಂಚು. ಇದಕ್ಕೆ ಉಪಾಯ ಮಂಗಳೂರು ಹೆಂಚು ಹೊದಿಸಿದವರಿಗೆಲ್ಲ ತಿಳಿದದ್ದೆ: ಮೇಲಿನದು ಕೆಳಗಿನದರ ಮೇಲೆ ಹೊದಿಯಬೇಕು. ಎಡೆಯ ಅಡಿಗೆ ನೀರು ನಿಲ್ಲದ ಪಟ್ಟಿಯನ್ನು ಮೊದಲು ಹಾಸಿ, ಕಿಟಕಿಯನ್ನು ಕೂರಿಸಿ, ಬಳಿಕ ಪಕ್ಕದ ಪಟ್ಟಿ, ಕಡೆಗೆ ನೆತ್ತಿಯ ಪಟ್ಟಿ. ಕಿಟಕಿಯ ಕೆಳಗಣ ಅಂಚನ್ನು ಅಂಟಿನಿಂದ ಮುಚ್ಚಬಾರದು. ಒಳಗೆ ಬಂದ ಹನಿ ಹೊರಗೆ ಹೋಗಲು ಅದೊಂದೇ ದಾರಿ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ೧೯೮೦-೯೦ರ ದಶಕಗಳಲ್ಲಿ ಕಟ್ಟಿದ ಅನೇಕ ವಸತಿ ಕಟ್ಟಡಗಳು ಮಳೆನೀರು ಒಳಸೇರಿ, ಒಣಗಲಾರದೆ, ಗೋಡೆಯೊಳಗೇ ಕೊಳೆತುವು. ನೀರು ನುಗ್ಗಿದ ಮುಖ್ಯ ಸ್ಥಳಗಳಲ್ಲಿ ಕಿಟಕಿಯ ಸಂದುಗಳೂ ಸೇರಿದ್ದುವು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡವರು ಅದರ ಹೊರಮೈಯನ್ನು ಕಿತ್ತು ಮತ್ತೆ ಹೊದಿಸಬೇಕಾಯಿತು. ಅಲ್ಲಿಯ ಮಾಜಿ ಮುಖ್ಯಮಂತ್ರಿ ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ ೧೯೯೮ರಲ್ಲಿ ಇದರ ವಿಚಾರಣೆ ನಡೆಯಿತು.

ಇಷ್ಟೆಲ್ಲ ಹೇಳಿದ್ದು ಮೇಲಿನಿಂದ ಬೀಳುವ ಭಾರವನ್ನೂ ಹೊರಗಿನಿಂದ ಬರುವ ನೀರನ್ನೂ ಕುರಿತು. ಪಕ್ಕದಿಂದ ಬರುವ ನೂಕು ಬೇರೆ ವಿಷಯ. ಗೋಡೆ ವಾಲದಂತೆ ಹಿಡಿಯುವುದು ಕಂಬವಲ್ಲ, ಕಂಬಗಳಿಗೆ ಹೊಡೆದ ಅಖಂಡವಾದ ಹಲಗೆ. ಎಡೆಗಳು ಹೆಚ್ಚಿದಷ್ಟೂ ಆ ಹಲಗೆ ಕಡಮೆ. ಕ್ಯಾಲಿಫೋರ್ನಿಯದ ನಾರ್ತ್‌ರಿಡ್ಜ್‌ನಲ್ಲಿ ೧೯೯೪ನೆಯ ಜನವರಿ ೧೭ರಂದು, ನಸುಕಿಗೆ ಮುನ್ನ, ಭೂಕಂಪವಾದಾಗ ಮೂರು ಅಂತಸ್ತಿನ ಮರದ ವಸತಿಗೃಹವೊಂದರ ನೆಲದಂತಸ್ತು ಕುಸಿದು, ಮಲಗಿದ್ದ ೧೬ ಜನರು ಮೇಲಂತಸ್ತುಗಳ ಅಡಿಯಲ್ಲಿ ಮಡಿದರು. ಆ ನೆಲದಂತಸ್ತಿನ ಒಂದು ಭಾಗವನ್ನು ಮೋಟಾರು ನಿಲ್ಲಿಸುವುದಕ್ಕಾಗಿ ತೆರೆದಿಟ್ಟಿದ್ದರು. ನೇರ ಭಾರವನ್ನು ವರ್ಷಗಟ್ಟಲೆ ಹೊತ್ತಿದ್ದ ಕಟ್ಟಡ ಅಡ್ಡ ನೂಕಿಗೆ ಕೆಲವು ಕ್ಷಣವೂ ನಿಲ್ಲಲಿಲ್ಲ. ಲಾಸ್ ಏಂಜಲಿಸ್ ನಗರವು ೨೦೧೫ರಲ್ಲಿ ಕಾನೂನು ಮಾಡಿ, ಈ ಬಗೆಯ ಹಳೆಯ ಮರದ ಕಟ್ಟಡಗಳ ಒಡೆಯರು ನೆಲದಂತಸ್ತಿನ ಅಗಲವಾದ ಎಡೆಗಳನ್ನು ಬಲಪಡಿಸಲೇಬೇಕೆಂದು ವಿಧಿಸಿತು. ಎಡೆಯನ್ನು ಮುಚ್ಚಿದರೆ ಮೋಟಾರು ನಿಲ್ಲಿಸಲು ಜಾಗವಿಲ್ಲ. ಆದ್ದರಿಂದ ಹಲವೆಡೆ ಅದರ ಸುತ್ತ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ ತಳಹದಿಯ ಕಾಂಕ್ರೀಟಿಗೆ ಬೋಲ್ಟುಗಳಿಂದ ಬಿಗಿದಿದ್ದಾರೆ, ಉಳಿದ ಗೋಡೆಗೆ ಪ್ಲೈವುಡ್ಡನ್ನು ಒತ್ತೊತ್ತಾದ ಮೊಳೆಗಳಿಂದ ಹೊಡೆದಿದ್ದಾರೆ.