ಬೊಜ್ಜು: ಕಾರಣ, ತೊಂದರೆ ಮತ್ತು ಚಿಕಿತ್ಸೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಕೆಂಗೇರಿಯ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷದಿಂದ ಈ ಡೇರಿಯಲ್ಲಿ ಬೆಳಗ್ಗೆ ಸಂಜೆ ಒಂದು ಕೆಲಸ ತಪ್ಪದೆ ನಡೆದುಬಂದಿದೆ. ನೀವು ತಂದ ಹಾಲನ್ನು ಅಳೆದು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡಿ ಬರೆದುಕೊಳ್ಳುತ್ತಾರೆ. ಸ್ವಲ್ಪ ಕಡಿಮೆ ಬಂದರೂ ನೀವು ಕೇಳದೆ ಬಿಡುವುದಿಲ್ಲ. ಆದರೆ ನಮ್ಮ ಮೈಯಲ್ಲಿ ಫ್ಯಾಟ್ ಎಷ್ಟಿದೆ ಅಂತ ನಮ್ಮಲ್ಲಿ ಎಷ್ಟು ಜನ ಅಳೆದು ನೋಡಿದ್ದೇವೆ? ಇವತ್ತು ಆ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ನಿರ್ದೇಶಕರು ಕೇಳಿಕೊಂಡಿದ್ದಾರೆ.

ಹೊಟ್ಟೆ ಬಂದರೆ ನಮ್ಮ ಕಡೆ ಎರಡೇ ಮಾತು. ಒಂದು, "ಉಂಡುಟ್ಟು ಚೆನ್ನಾಗಿದ್ದಾನೆ" ಅಂತ ಹೊಗಳುವುದು. ಇನ್ನೊಂದು, "ತಿಂದು ತಿಂದು ಕೊಬ್ಬಿದ್ದಾಳೆ" ಅಂತ ಹಂಗಿಸುವುದು. ಎರಡೂ ತಪ್ಪು. ಅತಿ ಬೊಜ್ಜು ಒಂದು ಕಾಯಿಲೆ. ಬಿ.ಪಿ.ಗೆ, ಸಕ್ಕರೆ ಕಾಯಿಲೆಗೆ ಹೇಗೆ ಆಸ್ಪತ್ರೆಗೆ ಹೋಗುತ್ತೀರೋ ಇದಕ್ಕೂ ಹಾಗೆಯೇ ಹೋಗಬೇಕು.

ಇದು ಶ್ರೀಮಂತರ ಕಾಯಿಲೆ, ರಾಜಾಜಿನಗರ, ಬಸವೇಶ್ವರನಗರದವರಿಗೆ ಬರುವುದು ಅಂತ ತಿಳಿಯಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 23 ಜನರಿಗೆ ಅತಿತೂಕವಿತ್ತು. 2019-21ರ ಹೊತ್ತಿಗೆ ಅದು ಸುಮಾರು 30 ಆಯಿತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಏಕೆ ಹೀಗಾಯಿತು? ಮೊದಲನೆಯದು, ಮೈ ದುಡಿಮೆ ಹೋಯಿತು. ವಿಜಯನಗರದ ಪಕ್ಕದ ಹೊಸಹಳ್ಳಿ, ಬಸವೇಶ್ವರನಗರದ ಪಕ್ಕದ ಸಾಣೇಗುರುವನಹಳ್ಳಿ ಈಗ ಹೆಸರಿಗೆ ಮಾತ್ರ ಹಳ್ಳಿ. ಈಗ ಸರದಿ ನಮ್ಮದು. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಕೆಂಪೇಗೌಡ ಬಡಾವಣೆ ಬಂತು. 2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟ ಮುಟ್ಟಿತು. ಅನುಕೂಲವೇ ಆಯಿತು, ಬೇಡ ಅನ್ನುತ್ತಿಲ್ಲ. ಆದರೆ ಕಳೆ ಕೀಳುತ್ತಿದ್ದ, ನೀರು ಸೇದುತ್ತಿದ್ದ, ಕೆಂಗೇರಿ ಸಂತೆಗೆ ನಡೆದು ಹೋಗುತ್ತಿದ್ದ ಮೈ ಈಗ ಅಂಗಡಿ ಕುರ್ಚಿಯ ಮೇಲೆ, ಸ್ಕೂಟರ್ ಸೀಟಿನ ಮೇಲೆ ಕೂತಿದೆ. ದುಡಿಮೆ ನಿಂತರೂ ಮುದ್ದೆಯ ಗಾತ್ರ ಇಳಿಯಲಿಲ್ಲ.

ಎರಡನೆಯದು, ತಟ್ಟೆ ಬದಲಾಯಿತು. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಒಳ್ಳೆಯ ಊಟ. ತೊಂದರೆ ಇರುವುದು ಅದರ ಜೊತೆ ಸೇರಿಕೊಂಡದ್ದರಲ್ಲಿ: ಬೇಕರಿ ಪಫ್ಸು, ಸಂಜೆ ಬೋಂಡ, ಗೋಬಿ ಮಂಚೂರಿ, ಬಣ್ಣದ ಪಾನೀಯ. ಲೆಕ್ಕ ಹಾಕಿ ನೋಡಿ. ದಿನಕ್ಕೆ 5 ಲೋಟ ಟೀ, ಲೋಟಕ್ಕೆ 2 ಚಮಚ ಸಕ್ಕರೆ ಅಂದರೆ 10 ಚಮಚ, ಸುಮಾರು 40-50 ಗ್ರಾಂ ಆಯಿತು. ಇಡೀ ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಇದೆ. ಮದ್ಯದಲ್ಲಿರುವ ಸ್ಪಿರಿಟ್ಟಿನಲ್ಲಿ 7. ಬಾಣಲೆ ಎಣ್ಣೆ, ಬಾಟಲಿ ಎಣ್ಣೆ ಎರಡಕ್ಕೂ ಸೇರಿಸಿಯೇ ಹೇಳುತ್ತಿದ್ದೇನೆ ಸ್ವಾಮಿ!

ಮೂರನೆಯದು, ನಮ್ಮ ಕೈಯಲ್ಲಿ ಇಲ್ಲದ ಕಾರಣಗಳು. ವಂಶದಿಂದ ಬರುವುದುಂಟು. ಥೈರಾಯ್ಡ್ ಕಡಿಮೆಯಾದರೆ ತೂಕ ಸ್ವಲ್ಪ ಏರುತ್ತದೆ. ಸ್ಟಿರಾಯ್ಡ್ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಔಷಧಿಗಳಿಂದಲೂ ಏರುತ್ತದೆ. ಹಾಗಂತ ನೀವಾಗಿಯೇ ಔಷಧಿ ನಿಲ್ಲಿಸಬಾರದು, ಕೊಟ್ಟವರನ್ನು ಕೇಳಬೇಕು. ಇನ್ನೂ ಒಂದು ವಿಚಾರ. ನಮ್ಮ ಕೊಬ್ಬು ಸುಮ್ಮನೆ ಕೂತಿರುವ ಮೂಟೆಯಲ್ಲ. ಅದು ಲೆಪ್ಟಿನ್ ಎಂಬ ರಸದ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತದೆ ಎಂದು 1994ರಲ್ಲಿ ಗೊತ್ತಾಯಿತು. ತೂಕ ಇಳಿದ ಕೂಡಲೇ ಮಿದುಳು "ಬರಗಾಲ ಬಂತು" ಅಂದುಕೊಂಡು ಹಸಿವು ಹೆಚ್ಚಿಸುತ್ತದೆ, ಖರ್ಚು ತಗ್ಗಿಸುತ್ತದೆ. ಇಳಿಸಿದ ತೂಕ ಮತ್ತೆ ಏರುವುದಕ್ಕೆ ಇದೇ ಮುಖ್ಯ ಕಾರಣ. ಆದ್ದರಿಂದ ಸೊಸೆಯನ್ನೋ ಮಗನನ್ನೋ "ಬಾಯಿ ಕಟ್ಟೋಕೆ ಆಗಲ್ವಾ" ಅಂತ ಹಂಗಿಸಿ ಫಲವಿಲ್ಲ.

ಇನ್ನು ನಮ್ಮ ಜನರ ಮೈಕಟ್ಟಿನ ವಿಚಾರ. ಇದೇ ರಸ್ತೆಯಲ್ಲಿ ಮುಂದಕ್ಕೆ ಹೋದರೆ ಸಿಗುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಪತ್ತೆಹಚ್ಚಿ ಪರೀಕ್ಷಿಸಿದಾಗ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಇದು 1996ರಲ್ಲಿ ಪ್ರಕಟವಾಯಿತು. ಮುಂದೆ ಮೈಸೂರಿನ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಂದಿಗೆ ಹೋಲಿಸಿದರು. ನಮ್ಮವು ತೂಕದಲ್ಲಿ, ಮಾಂಸಖಂಡದಲ್ಲಿ ಕಡಿಮೆ. ಆದರೆ ಬೆನ್ನಿನ ಮೇಲಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಸಮ! ಅಂದರೆ ನಾವು ನೋಡಲು ಸಣ್ಣಗಿದ್ದರೂ ಒಳಗೆ ಕೊಬ್ಬು ಇರಬಹುದು. ಅದಕ್ಕೇ ಬಸುರಿಯರಿಗೆ, ಬೆಳೆಯುವ ಹೆಣ್ಣುಮಕ್ಕಳಿಗೆ ಒಳ್ಳೆಯ ಊಟ ಕೊಡಿ ಅನ್ನುವುದು.

ಈ ಕಾರಣದಿಂದ ನಮಗೆ ಅಳತೆಯೂ ಬಿಗಿ. ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಬಂದ ಉತ್ತರವೇ ಬಿ.ಎಂ.ಐ. ಅದು 23 ದಾಟಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು. ಐದೂವರೆ ಅಡಿಗೆ ಒಂದಂಗುಲ ಕಡಿಮೆ ಇರುವ ಗಂಡಸು 63 ಕಿಲೋ ದಾಟಬಾರದು, 68 ದಾಟಿದರೆ ಬೊಜ್ಜು. ಐದಡಿ ಹೆಂಗಸಿಗೆ ಆ ಲೆಕ್ಕ 53 ಮತ್ತು 58. ಇದಕ್ಕಿಂತ ಸುಲಭದ್ದು ಟೈಲರ್ ಟೇಪು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಹೊಟ್ಟೆ ಒಳಗೆಳೆದುಕೊಂಡು ಅಳೆಯಬೇಡಿ, ಮೋಸ ನಿಮಗೇ.

ಹೊಟ್ಟೆಯ ಕೊಬ್ಬು ಏನು ಮಾಡುತ್ತದೆ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ, ಲಕ್ವ ಇವುಗಳಿಗೆ ದಾರಿ ಮಾಡುತ್ತದೆ. ಕುಡಿಯದವರ ಈಲಿಯಲ್ಲೂ ಕೊಬ್ಬು ತುಂಬುತ್ತದೆ. ಮಂಡಿ ಸವೆಯುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟುತ್ತದೆ. ಅಂಥವರು ಹಗಲು ಗಾಡಿ ಓಡಿಸುವಾಗ ತೂಕಡಿಸುತ್ತಾರೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಮಕ್ಕಳಾಗುವುದು ತಡವಾಗಬಹುದು. ಗರ್ಭಕೋಶ, ಕರುಳು ಮತ್ತು ಮುಟ್ಟು ನಿಂತ ಮೇಲಿನ ಸ್ತನದ ಕ್ಯಾನ್ಸರಿನ ಸಂಭವವೂ ಹೆಚ್ಚು.

ಹೆದರಿಸಲು ಹೇಳಿದ್ದಲ್ಲ, ಚಿಕಿತ್ಸೆ ಇದೆ. ಎಂಬತ್ತು ಕಿಲೋದವರು ಅರವತ್ತಕ್ಕೆ ಬರಲೇಬೇಕು ಅಂತಿಲ್ಲ. 4ರಿಂದ 8 ಕಿಲೋ ಇಳಿಸಿದರೂ ಬಿ.ಪಿ., ಸಕ್ಕರೆ ಎರಡೂ ಹಿಡಿತಕ್ಕೆ ಬರುತ್ತವೆ. ಮುದ್ದೆ, ಅನ್ನ ಸ್ವಲ್ಪ ತಗ್ಗಿಸಿ, ಕಾಳು, ಸೊಪ್ಪು, ತರಕಾರಿ, ಮಜ್ಜಿಗೆ ಹೆಚ್ಚಿಸಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್ ಎಣ್ಣೆ ಸಾಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು.

ಇಷ್ಟಕ್ಕೆ ಬಗ್ಗದಿದ್ದರೆ ಔಷಧಿ ಉಂಟು. ಹಸಿವು ತಗ್ಗಿಸುವ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಟಿರ್ಜೆಪಟೈಡ್ ಮತ್ತು ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ದೇಶಕ್ಕೆ ಬಂದವು. ದೊಡ್ಡ ಪರೀಕ್ಷೆಗಳಲ್ಲಿ ಸೆಮಾಗ್ಲುಟೈಡಿನಿಂದ ನೂರಕ್ಕೆ ಸುಮಾರು 15ರಷ್ಟು ತೂಕ ಇಳಿದಿದೆ. ಆದರೆ ವಾಕರಿಕೆ, ವಾಂತಿ ಆಗಬಹುದು. ಬಸುರಿಯರು ತೆಗೆದುಕೊಳ್ಳುವಂತಿಲ್ಲ. ನಿಲ್ಲಿಸಿದರೆ ತೂಕ ಮತ್ತೆ ಬರುತ್ತದೆ. ಆದ್ದರಿಂದ ಖರ್ಚಿನ ಲೆಕ್ಕ ಮೊದಲೇ ಹಾಕಿಕೊಂಡು, ವೈದ್ಯರ ಚೀಟಿಯ ಮೇಲೆಯೇ ಶುರು ಮಾಡಬೇಕು. ತೀರಾ ಹೆಚ್ಚು ಬೊಜ್ಜಿದ್ದು ಬೇರೆ ಕಾಯಿಲೆಗಳೂ ಸೇರಿಕೊಂಡಿದ್ದರೆ ಜಠರದ ಗಾತ್ರ ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಇದೆ. ಅದಾದ ಮೇಲೆ ಜೀವನಪೂರ್ತಿ ವಿಟಮಿನ್ ಮಾತ್ರೆ, ತಪಾಸಣೆ ತಪ್ಪಿಸುವಂತಿಲ್ಲ. "ಹತ್ತು ದಿನದಲ್ಲಿ ಹತ್ತು ಕಿಲೋ" ಅನ್ನುವ ಪುಡಿ, ಬೆಲ್ಟು, ಕಷಾಯಕ್ಕೆ ಹಾಲಿನ ದುಡ್ಡು ಸುರಿಯಬೇಡಿ.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಬೆಳ್ಳಿಹಬ್ಬದ ನೆನಪಿಗೆ ಡೇರಿಯಲ್ಲಿ ಮನುಷ್ಯರು ನಿಲ್ಲುವ ಒಂದು ತೂಕದ ಯಂತ್ರ, ಒಂದು ಟೇಪು, ಒಂದು ಪುಸ್ತಕ ಇಡಿ. ಮೂರು ತಿಂಗಳಿಗೊಮ್ಮೆ ಬಟವಾಡೆಯ ದಿನ ಇಷ್ಟವಿದ್ದವರು ಅಳೆಸಿಕೊಳ್ಳಲಿ. ಹೆಂಗಸರಿಗೆ ಹೆಂಗಸರೇ ಅಳೆಯಲಿ, ಯಾರ ಅಳತೆಯನ್ನೂ ಕೂಗಿ ಹೇಳುವುದು ಬೇಡ. ಅಳತೆ ಮೀರಿದವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಲಿ. ಕಾಯಿಲೆ ಬಂದು ಆಸ್ಪತ್ರೆ ಸೇರಿದ ಮೇಲೆ ಸಂಘದಿಂದ ಸಾಲ ಎತ್ತುವುದಕ್ಕಿಂತ ಇದು ಅಗ್ಗ.

ಸಂಘ ಸುವರ್ಣ ಮಹೋತ್ಸವ ಆಚರಿಸಲಿ, ಇಲ್ಲಿ ಕೂತಿರುವವರೆಲ್ಲ ಆವತ್ತೂ ಗಟ್ಟಿಮುಟ್ಟಾಗಿ ಬಂದು ಕೂರಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.